ಹೆಂಚಿನ ಮುದ್ರೆ, ಫಲಕದ ಚೀಟಿ

ಬಾಸೆಲ್ ಮಿಶನ್ನಿನ ಹಳೆಯ ಹೆಂಚನ್ನು ಮಗುಚಿ ನೋಡಿದವರಿಗೆ ಅದರ ಮೇಲಿನ 1865 ಎಂಬ ಅಂಕೆ ಪರಿಚಿತವೇ. ಅದು ಹೆಂಚು ಸುಟ್ಟ ವರ್ಷವಲ್ಲ, ಮಂಗಳೂರಿನಲ್ಲಿ ಕಾರ್ಖಾನೆ ಹುಟ್ಟಿದ ವರ್ಷ. ಮಾಡಿದವರು ಯಾರೆಂಬುದನ್ನು ಆ ಮುದ್ರೆ ಹೇಳುತ್ತದೆ. ಎಂದು ಮಾಡಿದರೆಂಬುದನ್ನು ಹೇಳುವುದಿಲ್ಲ. ಹೆಂಚಿಗೆ ಅಷ್ಟು ಸಾಕು, ಒಡೆದರೆ ಮಳೆ ಸೋರೀತು. ಆದರೆ ಅದೇ ಮಾಡಿನ ಕೆಳಗೆ, ಚಾವಡಿಯ ಗೋಡೆಯಲ್ಲಿರುವ ವಿದ್ಯುತ್ ಫಲಕಕ್ಕೆ ಅದು ಸಾಲದು.

ಬಲ್ಮಠದಲ್ಲಿ ನಿಂತು ಈ ಮಾತನ್ನು ಆಡಲು ನನಗೊಂದು ಕಾರಣವಿದೆ. 1841ರಲ್ಲಿ ಮುದ್ರಣಾಲಯವನ್ನು ಕಂಡ ಮಿಶನ್ನಿನ ನೆಲೆಯಿದು. 1843ರ ‘ಮಂಗಳೂರ ಸಮಾಚಾರ’ದ ಮೋಗ್ಲಿಂಗ್, 1894ರಲ್ಲಿ ಅಚ್ಚಾದ ನಿಘಂಟಿನ ಕಿಟ್ಟೆಲ್ ಇಬ್ಬರೂ ಆ ಮಿಶನ್ನಿಗೇ ಸೇರಿದವರು. ಪುಸ್ತಕವನ್ನು ತೆರೆದೊಡನೆ ಅಚ್ಚು ಹಾಕಿದವರು, ಊರು, ಇಸವಿ ನೋಡುವುದು ಓದುಗರ ಅಭ್ಯಾಸ. ಮನೆಯ ಫಲಕವನ್ನು ಹಾಗೆ ಓದಿದವರು ಎಷ್ಟು ಮಂದಿ?

ಅದಕ್ಕೂ ಒಂದು ಚರಿತ್ರೆಯಿದೆ. ನಮ್ಮ ಹಿರಿಯರ ಮನೆಗಳಲ್ಲಿದ್ದುದು ಮರದ ಹಲಗೆ, ಅದರ ಮೇಲೆ ಪಿಂಗಾಣಿಯ ಫ್ಯೂಸು, ಒಳಗೆ ಸಣ್ಣ ತಂತಿ. ಹೊರೆ ಹೆಚ್ಚಿದರೆ ತಂತಿ ಕರಗಿ, ಮನೆ ಕತ್ತಲಾಗಿ, ಅಪಾಯ ತಪ್ಪುತ್ತಿತ್ತು. ಕತ್ತಲೆಗೆ ಬೇಸತ್ತು ನಾಲ್ಕೆಳೆ ಹುರಿಮಾಡಿ ಕಟ್ಟುವ ಜಾಣರೂ ಇದ್ದರು. ಅವರು ಕಟ್ಟಿದ್ದು ತಂತಿಯನ್ನಲ್ಲ, ಕಾವಲುಗಾರನ ಕೈಕಾಲನ್ನು. ಆದರೂ ಆ ತಪ್ಪು ಕಣ್ಣಿಗೆ ಕಾಣುತ್ತಿತ್ತು. ಬಾಸೆಲ್ ಪಟ್ಟಣವನ್ನು ಹಾದು ಬರುವ ರೈನ್ ನದಿಯ ಕೆಳದಂಡೆಯಲ್ಲಿ ಮಾನ್‌ಹೈಮ್ ಎಂಬ ಊರಿದೆ. ಅಲ್ಲಿ ಹ್ಯೂಗೋ ಸ್ಟಾಟ್ಸ್ ಎಂಬಾತನ ಸಂಸ್ಥೆ 1924ರಲ್ಲಿ ತಾನಾಗಿ ಕಡಿತಗೊಳ್ಳುವ ಪುಟ್ಟ ಸಾಧನಕ್ಕೆ ಪೇಟೆಂಟ್ ಪಡೆಯಿತು. ಇಂದಿನ ಎಂ.ಸಿ.ಬಿ. ಅದರ ವಂಶದ್ದು. ಅನುಕೂಲ ಬಹಳ, ಆದರೆ ಒಳಗಿನ ದೋಷ ಈಗ ಮುಚ್ಚಿದ ಡಬ್ಬಿಯಲ್ಲಿ. ಅದನ್ನು ತಯಾರಕನೇ ಬಾಯಿಬಿಟ್ಟು ಹೇಳಬೇಕು.

ಹೇಳಿದ ಉದಾಹರಣೆ ಒಂದಿದೆ. 2022ರ ಜೂನ್‌ನಲ್ಲಿ ಅಮೆರಿಕದಲ್ಲಿ ಷ್ನೈಡರ್ ಸಂಸ್ಥೆ ‘ಸ್ಕ್ವೇರ್ ಡಿ’ ಹೆಸರಿನ ಸುಮಾರು 14 ಲಕ್ಷ ಫಲಕಗಳನ್ನು, ಅತಿಯಾಗಿ ಕಾದು ಬೆಂಕಿ ಹತ್ತಬಹುದೆಂಬ ಕಾರಣಕ್ಕೆ, ಹಿಂದಕ್ಕೆ ಕರೆಯಿತು. ಹೊಸಮನೆ ಕಟ್ಟಿಸಿದವರು ಅಲ್ಲಿ ಮಾಡಬೇಕಾದದ್ದು ಚೀಟಿಯ ಮೇಲಿನ ದಿನಾಂಕದ ಸಂಕೇತವನ್ನು ಓದುವುದು: 2020ರ ಫೆಬ್ರವರಿಯಿಂದ 2022ರ ಜನವರಿಯೊಳಗಿನ ತಯಾರಿಕೆಯೇ ಎಂದು. ಹೇಳದ ಉದಾಹರಣೆಯೂ ಅದೇ ದೇಶದ್ದು. ಫೆಡರಲ್ ಪೆಸಿಫಿಕ್ ಎಂಬ ಹಳೆಯ ಫಲಕಗಳ ಬ್ರೇಕರುಗಳು ಬೀಳಬೇಕಾದಾಗ ಬೀಳುವುದಿಲ್ಲವೆಂಬ ದೂರಿನ ತನಿಖೆಯನ್ನು ಸರಕಾರಿ ಆಯೋಗ 1983ರಲ್ಲಿ ಹಣದ ಕೊರತೆಯಿಂದ ನಿಲ್ಲಿಸಿತು. ಹಿಂದಕ್ಕೆ ಕರೆಯಲಿಲ್ಲವೆಂದಮಾತ್ರಕ್ಕೆ ವಸ್ತು ನಿರ್ದೋಷಿ ಎಂದು ನಾನಂತೂ ಎಣಿಸಲಾರೆ.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅಪಾಯಕಾರಿ ಸರಕನ್ನು ಹಿಂಪಡೆಯುವಂತೆ ಆಜ್ಞಾಪಿಸುವ ಅಧಿಕಾರವನ್ನು ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ. ಆ ಪ್ರಾಧಿಕಾರ 2020ರಲ್ಲಿ ಸ್ಥಾಪನೆಯಾಯಿತು. ಒಳ್ಳೆಯದೇ. ಆದರೆ ಕರೆ ಬಂದಾಗ ಓಗೊಡುವವರು ಯಾರು? ಡಬ್ಬಿಯನ್ನು ತಂದವರು ಗುತ್ತಿಗೆದಾರರು, ಕೂರಿಸಿದವರು ಕೆಲಸದವರು, ಬಿಲ್ಲು ಎಲ್ಲಿ ಹೋಯಿತೋ. ಮಳೆಗಾಲದ ತೇವವನ್ನೂ ಕಡಲಗಾಳಿಯ ಉಪ್ಪನ್ನೂ ತಾಳಬೇಕಾದ ಊರಿನಲ್ಲಿ ಇದು ಸಣ್ಣ ಅಲಕ್ಷ್ಯವಲ್ಲ.

ಮುಚ್ಚಳವನ್ನು ಬಿಚ್ಚುವ ಸಾಹಸ ನಮ್ಮದಲ್ಲ, ಪರವಾನಗಿಯುಳ್ಳ ಎಲೆಕ್ಟ್ರಿಶಿಯನ್ನನದು. ಹೊರಗಿನಿಂದ ಮಾಡಬಹುದಾದದ್ದು ಇಷ್ಟು: ಮುಟ್ಟಿದರೆ ಬಿಸಿಯೇ, ಗುಂಯ್‌ಗುಟ್ಟುತ್ತದೆಯೇ, ಸುಟ್ಟ ವಾಸನೆಯೇ ಎಂಬ ವಿಚಾರಣೆ, ಐ.ಎಸ್.ಐ. ಮುದ್ರೆಯ ಕೆಳಗಿರುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ತಾಳೆ ನೋಡುವುದು; ಸೋರಿಕೆ ತಡೆವ ಸಾಧನವಿದ್ದರೆ ಅದರ ‘ಟಿ’ ಗುಂಡಿಯನ್ನು ಆಗಾಗ ಒತ್ತಿ, ಕೂಡಲೇ ಬೀಳುತ್ತದೆಯೋ ಎಂದು ಪರೀಕ್ಷಿಸುವುದು. ಬಳಿಕ ತಯಾರಕರ ಹೆಸರು, ಮಾದರಿ, ತಯಾರಿಕೆಯ ತಿಂಗಳು, ಕೂರಿಸಿದ ದಿನ, ಇವನ್ನು ಒಂದು ಚೀಟಿಯಲ್ಲಿ ಬರೆದು ಮನೆಯ ಪತ್ರಗಳ ಜೊತೆ ಇಡಬೇಕು. ಬಾಡಿಗೆಗೆ ಕೊಡುವವರು ಒಂದು ಪ್ರತಿಯನ್ನು ಬಾಡಿಗೆದಾರರಿಗೂ ಕೊಡಲಿ.