ಬೆಂಗಳೂರಿನ ಆಧಾರರೇಖೆ

“ಸೈನ್ ಸೂತ್ರದಿಂದ ಏನು ಪ್ರಯೋಜನ ಸಾರ್?” ಎಂದು ಕೇಳುತ್ತಿದ್ದ ನನ್ನ ವಿದ್ಯಾರ್ಥಿಗಳಿಗಾಗಿ ಈ ಪ್ರಸಂಗವನ್ನು ಬರೆಯುತ್ತಿದ್ದೇನೆ.

1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಬಳಿಕ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ದಕ್ಷಿಣ ಭಾರತವನ್ನು ತ್ರಿಕೋನಗಳಿಂದ ಅಳೆಯುವ ಯೋಜನೆಯನ್ನು ಮುಂದಿಟ್ಟನು. ದೇಶವನ್ನೆಲ್ಲ ಸರಪಳಿಯಿಂದಲೇ ಅಳೆಯುತ್ತ ಹೋದರೆ ಸಣ್ಣ ತಪ್ಪುಗಳು ಕೂಡಿ ಬೆಳೆಯುತ್ತವೆ. ಆದುದರಿಂದ ಒಂದೇ ಒಂದು ರೇಖೆಯನ್ನು ಅತಿ ನಿಖರವಾಗಿ ಅಳೆದು, ಅಲ್ಲಿಂದ ಮುಂದೆ ಬೆಟ್ಟದಿಂದ ಬೆಟ್ಟಕ್ಕೆ ಥಿಯೋಡಲೈಟಿನಲ್ಲಿ ಕೋನಗಳನ್ನಷ್ಟೇ ನೋಡಿ, ಉಳಿದ ಭುಜಗಳನ್ನು ನಿಮ್ಮ ಅದೇ ಸೂತ್ರದಿಂದ ಪಡೆಯುವುದು ಅವನ ಕ್ರಮ. ಆ ತ್ರಿಕೋನಗಳ ಶೃಂಗಗಳೇ ನಕ್ಷೆಯ ನಿಯಂತ್ರಣ ಬಿಂದುಗಳು.

1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿಯ ರೇಖೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆಯಲು 57 ದಿನಗಳು ಹಿಡಿದವು. ಬಿಸಿಲಿಗೆ ಉಕ್ಕು ಹಿಗ್ಗುತ್ತದಲ್ಲವೇ? ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ನೆಲಕ್ಕೆ ತಾಗದಂತೆ ಇರಿಸಿ, ಉಷ್ಣಮಾಪಕ ನೋಡಿ ಅಳತೆಯನ್ನು ತಿದ್ದಬೇಕಿತ್ತು. ಆ ಪೆಟ್ಟಿಗೆಗಳನ್ನು ಹೊತ್ತವರ ಹೆಸರುಗಳು ನಾವು ಓದುವ ಚರಿತ್ರೆಯಲ್ಲಿ ಕಾಣುವುದಿಲ್ಲ. ಇದು ನನಗೆ ಸದಾ ಕೊರೆಯುವ ಸಂಗತಿ.

ನಿಜವಾದ ಪರೀಕ್ಷೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. 1804ರಲ್ಲಿ ಲೆಫ್ಟಿನೆಂಟ್ ವಾರೆನ್ ಇಲ್ಲಿ ಏಳು ಮೈಲಿಗೂ ಮಿಕ್ಕಿದ ಇನ್ನೊಂದು ರೇಖೆಯನ್ನು ನೆಲದ ಮೇಲೆಯೇ ಅಳೆದನು. ಮದರಾಸಿನಿಂದ ತ್ರಿಕೋನಗಳ ಮೂಲಕ ಬಂದ ಲೆಕ್ಕಕ್ಕೂ ಈ ಅಳತೆಗೂ ಇದ್ದ ಅಂತರ 3.7 ಅಂಗುಲ, ಅಂದರೆ ಅರ್ಧ ಗೇಣಿಗಿಂತಲೂ ಕಡಿಮೆ.