ಮಸ್ತಿಷ್ಕದ ಭೂಪಟ

ಮದ್ರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಸೀಮೆ 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆಯ ಪಾಲಾಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯೊಳಗಾಯಿತು. ಕೂಡ್ಲಿಗಿಯ ಹೋಬಳಿಯಾಗಿದ್ದ ಕೊಟ್ಟೂರು ತಾನೇ ತಾಲ್ಲೂಕಾಯಿತು. ನೆಲ ಕದಲದಿದ್ದರೂ ದಫ್ತರದೊಳಗಿನ ಹೆಸರು ಕದಲಿತು. ಮನುಷ್ಯನ ಮಿದುಳಿಗೆ ಗಡಿ ಬರೆದವರ ಚರಿತ್ರೆಯೂ ಇದಕ್ಕಿಂತ ಬಹಳ ಭಿನ್ನವಲ್ಲ.

1909ರಲ್ಲಿ ಜರ್ಮನಿಯ ಬ್ರಾಡ್‌ಮನ್ ಎಂಬ ವೈದ್ಯನು ಮಿದುಳಿನ ಹೊರಪದರದ ಜೀವಕೋಶಗಳ ವಿನ್ಯಾಸವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದನ್ನು ಕ್ಷೇತ್ರಗಳಾಗಿ ವಿಭಾಗಿಸಿ, ಒಂದರಿಂದ 52ರವರೆಗಿನ ಅಂಕಿಗಳಿಂದ ಗುರುತಿಸಿದನು. 1988ರಲ್ಲಿ ತಲೈರಾಕ್ ಮತ್ತು ಟುರ್ನೂ ಪ್ರಕಟಿಸಿದ ಪ್ರಸಿದ್ಧ ಪಟಕ್ಕೆ ಆಧಾರವಾದುದಾದರೋ, ಮೃತಳಾದ ಅರುವತ್ತರ ಫ್ರೆಂಚ್ ಮಹಿಳೆಯೊಬ್ಬಳ ಮಿದುಳು! ಏಕವ್ಯಕ್ತಿಯ ಶಿರಸ್ಸು ಲೋಕಕ್ಕೆಲ್ಲ ಅಳತೆಗೋಲಾದ ಈ ವಿಪರ್ಯಾಸವನ್ನು ತಿದ್ದಲೆಂದು ಕೆನಡಾದ ಮಾಂಟ್ರಿಯಲ್‌ನವರು 305 ಜನರ ಎಂಆರ್‌ಐ ಚಿತ್ರಗಳ ಸರಾಸರಿಯನ್ನು ತೆಗೆದರು. ಆದರೆ ಅವರೂ ಬಹುಮಟ್ಟಿಗೆ ತರುಣ ಪುರುಷರೇ.

ಬೆಂಗಳೂರಿನ ನಿಮ್ಹಾನ್ಸ್, ಅಂದರೆ ಹಳೆಯ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಕೂಡಿ ಆದ ಸಂಸ್ಥೆ, ಭಾರತೀಯರಿಗೂ ಬೇರೆ ವಯಸ್ಸಿನವರಿಗೂ ಹೊಂದುವ ಮಾದರಿಯ ಈ ಕೊರತೆಗೆ ಉತ್ತರವಿತ್ತಿತು. ಅಲ್ಲಿನ ಸಂಶೋಧಕರು 466 ಭಾರತೀಯರ ಚಿತ್ರಗಳಿಂದ, ಆರರಿಂದ ಅರುವತ್ತರ ವಯಸ್ಸನ್ನು ಐದು ಘಟ್ಟಗಳಾಗಿ ವಿಂಗಡಿಸಿ, ಐದು ಮಾದರಿಗಳನ್ನೂ (ಸರಾಸರಿ ಚಿತ್ರಗಳನ್ನೂ) ಅವುಗಳ ಮೇಲೆ ಕ್ಷೇತ್ರಗಳ ಗಡಿ ಗುರುತಿಸಿದ ಪಟಗಳನ್ನೂ ರಚಿಸಿ, 2020ರಲ್ಲಿ ಪ್ರಕಟಿಸಿದರು. ಹೈದರಾಬಾದಿನ ಐಐಐಟಿ ಅದಕ್ಕೆ ಮುನ್ನ 2019ರಲ್ಲಿ ನೂರು ಜನರ ಪಟವೊಂದನ್ನು ಸಿದ್ಧಪಡಿಸಿ, ನಮ್ಮ ಮಿದುಳಿನ ಸರಾಸರಿ ಗಾತ್ರ ಪಾಶ್ಚಾತ್ಯ ಮಾದರಿಗಿಂತ ಕಿರಿದೆಂದು ತೋರಿಸಿತ್ತು. (ಗಾತ್ರದಿಂದ ಬುದ್ಧಿಯನ್ನು ಅಳೆಯಹೊರಡುವ ಚಪಲ ಇಲ್ಲಿ ಸಲ್ಲದು.)

ಎಸ್‌ಪಿಎಂ, ಎಫ್‌ಎಸ್‌ಎಲ್ ಮೊದಲಾದ, ಮಿದುಳಿನ ಚಿತ್ರಗಳನ್ನು ವಿಶ್ಲೇಷಿಸುವ ತಂತ್ರಾಂಶಗಳು ಪ್ರತಿಯೊಬ್ಬರ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಮಾದರಿಗೆ ಹೊಂದಿಸುವುದರಿಂದ, ಮಾದರಿ ಪರಕೀಯವಾದಷ್ಟೂ ಈ ಎಳೆದಾಟ ಹೆಚ್ಚುತ್ತದೆ. ಸ್ವಂತ ಪಟವನ್ನು ಈ ತಂತ್ರಾಂಶಗಳಿಗೆ ಒಪ್ಪಿಸುವವನು ಅದು ಯಾವ ಮಾದರಿಯ ಮೇಲೆ ಬರೆದುದೆಂಬುದನ್ನು ಮೊದಲು ವಿಚಾರಿಸಬೇಕು. ಪಟದೊಳಗಿನ ಅಂಕಿ ಪರಿಮಾಣವಲ್ಲ, ನಾಮಧೇಯ. ಪಟವನ್ನು ಹೊಸ ಚಿತ್ರದ ಅಳತೆಗೆ ತರುವಾಗ 3 ಮತ್ತು 5 ಎಂಬ ಅಂಕಿಯ ಕ್ಷೇತ್ರಗಳ ಗಡಿಯಲ್ಲಿ ಯಂತ್ರವು ಸರಾಸರಿ ತೆಗೆದು 4 ಎಂದು ಬರೆದುಬಿಟ್ಟರೆ, ಕೂಡ್ಲಿಗಿಯೂ ಅದರ ನೆರೆಯ ತಾಲ್ಲೂಕಾದ ಹಗರಿಬೊಮ್ಮನಹಳ್ಳಿಯೂ ಕೂಡುವೆಡೆ ಹಡಗಲಿ ಮೊಳೆತಂತಾಗುತ್ತದೆ! ಆದುದರಿಂದ ಅತಿ ಸಮೀಪದ ಬಿಂದುವಿನ ಅಂಕಿಯನ್ನೇ ಯಥಾವತ್ತಾಗಿ ಎತ್ತಿಕೊಳ್ಳುವ ಕ್ರಮವನ್ನು ಅನುಸರಿಸತಕ್ಕದ್ದು.

ಗಡಿ ಬದಲಾದರೆ ಫಲಿತಾಂಶವೂ ಬದಲಾದೀತು. ಹೀಗಿರುತ್ತ, ಯಾವ ಪಟ, ಯಾವ ವಯೋಮಾನದ ಮಾದರಿ ಎಂಬುದನ್ನು ಬರೆಯದೆ ಪ್ರಕಟವಾಗುವ ಲೇಖನವನ್ನು ವಿಶ್ವಾಸಾರ್ಹವೆಂದು ಒಪ್ಪಲು ನಾನು ಸಿದ್ಧನಿಲ್ಲ.