ಕಾನೆಲ್‌ಬುಲ್ಲೆ: ನೂರೇ ವರ್ಷದ ಹಳೆಯ ಸಂಪ್ರದಾಯ

ಅಕ್ಟೋಬರ್ 4 ಬಂತೆಂದರೆ ಸ್ವೀಡನ್ನಿನ ಬೇಕರಿ, ಕಚೇರಿ, ಮನೆಗಳಲ್ಲೆಲ್ಲ ದಾಲ್ಚಿನ್ನಿಯ ಘಮ. ಸುರುಳಿ ಸುತ್ತಿ ಬೇಯಿಸಿದ ಕಾನೆಲ್‌ಬುಲ್ಲೆ ಎಂಬ ಬನ್ನಿಗೆ ಆ ದಿನ ಮೀಸಲು. ಅಜ್ಜಿ ಮುತ್ತಜ್ಜಿಯರಿಂದ ಬಂದ ಆಚರಣೆ ಇರಬೇಕು ಅನ್ನಿಸುತ್ತದೆ. ಆದರೆ ಅದು ಶುರುವಾದದ್ದು 1999ರಲ್ಲಿ. ಮನೆಯಲ್ಲೇ ಬೇಕಿಂಗ್ ಮಾಡುವ ರೂಢಿ ಉಳಿಯಲೆಂದು ಹಿಟ್ಟು, ಸಕ್ಕರೆ, ಯೀಸ್ಟ್ ತಯಾರಕರು ಕಟ್ಟಿಕೊಂಡಿದ್ದ ಮಂಡಳಿಯೊಂದು ತನ್ನ 40ನೇ ವರ್ಷದ ನೆಪದಲ್ಲಿ ಅದನ್ನು ಹುಟ್ಟುಹಾಕಿತು. ಅಕ್ಷಯ ತೃತೀಯದಂದು ಚಿನ್ನದಂಗಡಿಗಳ ಮುಂದಿನ ಸಾಲು ಕಂಡವರಿಗೆ ಇದರಲ್ಲಿ ಅಚ್ಚರಿಯೇನೂ ಇರದು.

ಬನ್ನಿನ ವಯಸ್ಸೂ ಬಹಳವಲ್ಲ. ಹಿಂದೆ ಸ್ವೀಡನ್ನಿನ ಹಳ್ಳಿಮನೆಗಳಲ್ಲಿ ವರ್ಷಕ್ಕೆ ಒಂದೆರಡು ಸಲವಷ್ಟೇ ಒಲೆ ಕಾಯಿಸಿ, ರೈ ಹಿಟ್ಟಿನ ಗಟ್ಟಿ ರೊಟ್ಟಿ ಬೇಯಿಸಿಡುತ್ತಿದ್ದರು. ಅದರ ನಡುವೆ ತೂತು. ಆ ತೂತಿಗೆ ಕೋಲು ತೂರಿಸಿ ಸೂರಿನ ಕೆಳಗೆ ಸಾಲಾಗಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಬಿಳಿ ಗೋಧಿ ಹಿಟ್ಟು, ಬೆಣ್ಣೆ, ಸಕ್ಕರೆ ಮೂರನ್ನೂ ಒಟ್ಟಿಗೆ ಸುರಿಯುವುದು ಉಳ್ಳವರ ಬಾಬತ್ತು.

ಮೊದಲ ಮಹಾಯುದ್ಧದಲ್ಲಿ ಸ್ವೀಡನ್ ತಟಸ್ಥವಾಗಿದ್ದರೂ ಹಸಿವು ತಪ್ಪಲಿಲ್ಲ. 1917ರಲ್ಲಿ ಬ್ರೆಡ್ಡಿಗೂ ರೇಷನ್ ಬಂತು. ಆ ವಸಂತದಲ್ಲಿ ಜನ ಆಹಾರ ಕೊಡಿ ಎಂದು ಬೀದಿಗಿಳಿದರು. ಯುದ್ಧ ಮುಗಿದು ಸಾಮಾನು ಮತ್ತೆ ಅಂಗಡಿಗೆ ಬರತೊಡಗಿದ 1920ರ ದಶಕದಲ್ಲೇ ಕಾನೆಲ್‌ಬುಲ್ಲೆ ಕಾಣಿಸಿಕೊಂಡದ್ದು. ಅದು ಮನೆಮನೆಯ ತಿಂಡಿಯಾಗಲು 1950ರ ದಶಕದವರೆಗೆ ಕಾಯಬೇಕಾಯಿತು.

ಚಕ್ಕೆಯ ಕಥೆ ಮಾತ್ರ ತುಂಬ ಹಳೆಯದು, ಅಷ್ಟೇ ಕ್ರೂರ. 1656ರಲ್ಲಿ ಪೋರ್ಚುಗೀಸರಿಂದ ಕೊಲಂಬೊ ಕಿತ್ತುಕೊಂಡ ಡಚ್ಚರು ಸಿಂಹಳದ ದಾಲ್ಚಿನ್ನಿಯನ್ನು ತಮ್ಮ ಏಕಸ್ವಾಮ್ಯ ಮಾಡಿಕೊಂಡರು. ತೊಗಟೆ ಸುಲಿದು ಒಪ್ಪಿಸುವ ಬಿಟ್ಟಿ ಕೆಲಸ ಸಲಗಮ ಜಾತಿಯವರ ಹೆಗಲಿಗೆ ಬಿತ್ತು. ಕೆಲಸ ನಾಜೂಕಿನದು: ಎಳೆ ಕೊಂಬೆಯ ಹೊರಸಿಪ್ಪೆ ಹೆರೆದು, ಹಿತ್ತಾಳೆ ಸರಳಿನಿಂದ ಚೆನ್ನಾಗಿ ಉಜ್ಜಿ, ಸಡಿಲಗೊಂಡ ಒಳತೊಗಟೆಯನ್ನು ಹರಿಯದಂತೆ ಬಿಡಿಸಬೇಕು. ಒಣಗುತ್ತಾ ಅದು ತಾನೇ ಸುರುಳಿಯಾಗುತ್ತದೆ. ಹಾಳೆಯಷ್ಟು ತೆಳುವಾದ ಹಲವು ಪದರ ಒಂದರೊಳಗೊಂದು ಕೂತದ್ದೇ ಸಿಂಹಳದ ಚಕ್ಕೆ. ನಮ್ಮ ಪಲಾವಿಗೆ ಬೀಳುವ ದಪ್ಪ, ಗಡಸು ಚಕ್ಕೆ ಬಹುಮಟ್ಟಿಗೆ ಅದರ ದಾಯಾದಿ ಕ್ಯಾಸಿಯಾ. 1796ರಲ್ಲಿ ದ್ವೀಪದ ಡಚ್ ನೆಲೆಗಳು ಬ್ರಿಟಿಷರ ಕೈಸೇರಿದವು. ಸರ್ಕಾರದ ಏಕಸ್ವಾಮ್ಯ 1833ರಲ್ಲಿ ರದ್ದಾಯಿತು.

ಹೆಸರು ದಾಲ್ಚಿನ್ನಿಯದಾದರೂ ಸ್ವೀಡನ್ನಿನವರು ಬನ್ನಿನ ಹಿಟ್ಟಿಗೆ ಹಾಕುವುದು ಏಲಕ್ಕಿ, ಅದೂ ತರಿತರಿಯಾಗಿ ಕುಟ್ಟಿ. ನಾದಿದ ಹಿಟ್ಟು ಉಬ್ಬಿದ ಮೇಲೆ ಲಟ್ಟಿಸಿ, ಬೆಣ್ಣೆ ಸವರಿ, ಸಕ್ಕರೆ ಮತ್ತು ಚಕ್ಕೆಪುಡಿ ಉದುರಿಸಿ ಸುತ್ತುತ್ತಾರೆ. ಕತ್ತರಿಸಿದ ತುಂಡುಗಳ ಮೇಲೆ ಮೊಟ್ಟೆ ಬಳಿದು, ಒಲೆಯಲ್ಲಿ ಕರಗದ ಬಿಳಿ ಸಕ್ಕರೆ ಹರಳು ಚೆಲ್ಲುತ್ತಾರೆ. ಗ್ವಾಟೆಮಾಲಾ 20ನೇ ಶತಮಾನದಲ್ಲಿ ಏಲಕ್ಕಿ ಬೆಳೆಯತೊಡಗುವ ಮೊದಲು ಜಗತ್ತಿನ ಏಲಕ್ಕಿಗೆ ಪಶ್ಚಿಮ ಘಟ್ಟವೇ ದೊಡ್ಡ ಆಸರೆ. ಏಲಕ್ಕಿ ತಳಿಗಳಲ್ಲಿ ‘ಮಲಬಾರ್’ ಜೊತೆಗೆ ‘ಮೈಸೂರು’ ಇವತ್ತಿಗೂ ಉಂಟು. ಕೊಡಗು, ಸಕಲೇಶಪುರದ ಬೆಳೆಗಾರರು ಈ ಬನ್ನನ್ನು ದೂರದ ನೆಂಟನೆಂದು ಧಾರಾಳವಾಗಿ ಹೇಳಿಕೊಳ್ಳಬಹುದು.

ಇಂಥದೇ ದಾಲ್ಚಿನ್ನಿ ರೋಲನ್ನು ಕ್ರಿಸ್‌ಮಸ್ ಬೆಳಿಗ್ಗೆ ತಿನ್ನುವ ರೂಢಿ ಅಮೆರಿಕದ್ದು. ಜರ್ಮನ್ ವಲಸಿಗರ ಸುರುಳಿ ಬನ್ನುಗಳು ಅಲ್ಲಿ ಮೊದಲೇ ಬೇರೂರಿದ್ದವು. ಹಬ್ಬದ ಮುಂಜಾವಿಗೆ ಅವನ್ನು ಹೊಂದಿಸಿದ್ದು ಫ್ರಿಜ್. ರಾತ್ರಿಯೇ ಸುತ್ತಿ ಒಳಗಿಟ್ಟರೆ ತಂಪಿಗೆ ಯೀಸ್ಟ್ ನಿಧಾನವಾಗಿ, ಬೆಳಗಾಗುವಷ್ಟರಲ್ಲಿ ಹಿಟ್ಟು ಹದಕ್ಕೆ ಬಂದಿರುತ್ತದೆ. ಮಕ್ಕಳು ಉಡುಗೊರೆ ಬಿಚ್ಚುವ ಹೊತ್ತಿಗೆ ಒಲೆಗಿಟ್ಟರಾಯಿತು. ಅಷ್ಟೂ ಪುರುಸೊತ್ತಿಲ್ಲದವರಿಗೆ ಡಬ್ಬಿಯ ಹಿಟ್ಟಿದೆ. ಲೂಯಿವಿಲ್‌ನ ಬೇಕರಿಯವನಾದ ಲೈವ್ಲಿ ವಿಲ್ಲೋಬಿ, ಹಸಿ ಹಿಟ್ಟನ್ನು ಡಬ್ಬಿಗೆ ತುಂಬಿ ತಂಪಿನಲ್ಲಿಡುವ ವಿಧಾನಕ್ಕೆ 1931ರಲ್ಲೇ ಪೇಟೆಂಟ್ ಪಡೆದಿದ್ದ. ಸ್ವೀಡನ್ನಿನಲ್ಲಾದರೋ ಡಿಸೆಂಬರ್ ತಿಂಗಳು ಕಾನೆಲ್‌ಬುಲ್ಲೆಯದಲ್ಲ. 13ರ ಲೂಸಿಯಾ ಹಬ್ಬದ ಸುಮಾರಿಗೆ ಅಲ್ಲಿ ಬೇಯುವುದು ಕೇಸರಿ ಹಾಕಿದ, ಒಣದ್ರಾಕ್ಷಿ ಒತ್ತಿದ ಹಳದಿ ಬನ್ನು.